ಪುಸ್ತಕ ತುಂಬಿದ ಮನೆಯಲ್ಲಿ ಕುಣಿಯುವುದು

ಬೀದಿಯ ಮಕ್ಕಳು ಅವನಿಗೆ ಇಟ್ಟ ಹೆಸರು ಹಲ್ಲಣ್ಣ. ಅವನ ಹಲ್ಲು ಉಬ್ಬಿತ್ತೆಂದಲ್ಲ, ಅವನು ಊರಿನವರಿಗೆಲ್ಲ ಹಲ್ಲು ಕಟ್ಟುವವನಾಗಿದ್ದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ತನ್ನ ಇಕ್ಕಟ್ಟಾದ ಲ್ಯಾಬಿನಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದ ಒಸಡು ತೀಡಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂತಿತೇ ಎಂದು ಕಚ್ಚಿಸಿ ನೋಡುತ್ತಿದ್ದ. ಇಂಥ ಕೆಲಸ ಮಾಡುವವನು ಗಂಭೀರವಾಗಿರಬೇಕಿತ್ತು. ಆದರೆ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಬೇರೆಯೇ ಕಥೆ. ತಯಾರಾದ ಸೆಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ನಡುವಿನದಕ್ಕೆ ನಾಯಕಿಯ ಪಾತ್ರ, ಅಕ್ಕಪಕ್ಕದವಕ್ಕೆ ಸಖಿಯರ ಪಾತ್ರ ಹಂಚಿ, ಕಟಕಟ ತಾಳ ಹಾಕಿಸಿ ಹಾಡಿಸುತ್ತಿದ್ದ. ನಿವೃತ್ತ ನ್ಯಾಯಾಧೀಶರೊಬ್ಬರ ಹಲ್ಲು ಅವರ ಬಾಯಿ ಸೇರುವ ಮುಂಚೆಯೇ ಯುಗಳಗೀತೆ ಹಾಡಿ ಮುಗಿಸಿತ್ತು. ಪಾಪ, ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಾಡು ಕುಣಿತ ಇಲ್ಲದ ಸಿನಿಮಾ ಹಲ್ಲಣ್ಣನ ಲೆಕ್ಕದಲ್ಲಿ ಸಿನಿಮಾವೇ ಅಲ್ಲ. ಹಾಡು ಎಂದರೆ ಹಿನ್ನೆಲೆಯಲ್ಲಿ ಎಲ್ಲೋ ಗುನುಗುವುದಲ್ಲ. ಮನುಷ್ಯ ಮಾತಾಡುತ್ತ ಮಾತಾಡುತ್ತ ಮಾತು ಸಾಲದೆ ಹೋಗಿ ಹಾಡಿಬಿಡಬೇಕು. ಆಗ ತರಕಾರಿಯವಳು ಬುಟ್ಟಿ ಇಳಿಸಿ ಹೆಜ್ಜೆ ಹಾಕಬೇಕು, ಪೊಲೀಸಿನವನು ಸೀಟಿಯಲ್ಲೇ ತಾಳ ಹಿಡಿಯಬೇಕು, ಬೀದಿಯ ಕಿಟಕಿಗಳೆಲ್ಲ ಒಂದೇ ಸಲ ತೆರೆದುಕೊಳ್ಳಬೇಕು. ಮೊದಲೇ ಮಾತಾಡಿಕೊಳ್ಳದೆ ಇಡೀ ಊರು ಒಂದೇ ಕಾಲನ್ನು ಎತ್ತುವ ಆ ಗಳಿಗೆ ಬಂದಾಗ ಅವನ ಕಣ್ಣು ತುಂಬಿಬರುತ್ತಿತ್ತು. ಸಂತೋಷದ ಹಾಡಿಗಷ್ಟೇ ಅವನು ಅಳುತ್ತಿದ್ದುದು. ದುಃಖದ ಹಾಡು ಶುರುವಾದರೆ ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದ.

ವಾರದ ರಜೆಯ ದಿನ ಮಧ್ಯಾಹ್ನದ ಆಟ ಅವನದು. ಅಲ್ಲಿಯವರೆಗೆ ಏನೂ ತೊಂದರೆಯಿರಲಿಲ್ಲ. ತೊಂದರೆ ಇದ್ದುದು ಚಿತ್ರಮಂದಿರದ ಹೊರಬಾಗಿಲಿನಲ್ಲಿ. ಅದು ನೇರವಾಗಿ ಒಂದು ಹಳೆಯ ಪುಸ್ತಕದಂಗಡಿಯ ಎದುರಿಗೆ ತೆರೆದುಕೊಳ್ಳುತ್ತಿತ್ತು. ಕಣ್ಣೊರೆಸಿಕೊಳ್ಳುತ್ತ ಹೊರಬಂದವನ ಮನಸ್ಸು ಬೆಣ್ಣೆಯಾಗಿರುತ್ತಿತ್ತು. ಆ ಹೊತ್ತಿನಲ್ಲಿ ಲೋಕದ ಯಾವ ವಸ್ತುವೂ ಒಂಟಿಯಾಗಿ ಬಿದ್ದಿರುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಅಂಗಡಿಯವನಿಗೆ ಇದು ಚೆನ್ನಾಗಿ ಗೊತ್ತು. ಆಟ ಬಿಡುವ ಹೊತ್ತಿಗೆ ರಟ್ಟು ಕಿತ್ತುಹೋದ, ಮೂಲೆ ಮುದುಡಿದ, ಯಾರೂ ಮೂಸದ ಪುಸ್ತಕಗಳನ್ನು ಆರಿಸಿ ಮುಂದಿನ ಹಲಗೆಗೆ ತಂದಿಡುತ್ತಿದ್ದ.

"ಇದು ಏನ್ರೀ ಪುಸ್ತಕ?"

"ಹಡಗಿನ ಹಗ್ಗಕ್ಕೆ ಗಂಟು ಹಾಕೋದು ಹೇಗೆ ಅಂತ. ಮೂರು ಭಾಗ ಇತ್ತಂತೆ, ಇದು ನಡುವಿಂದು. ಅಣ್ಣನೂ ಇಲ್ಲ, ತಮ್ಮನೂ ಇಲ್ಲ ಪಾಪ."

"ಕೊಡಿ, ಕೊಡಿ" ಎನ್ನುತ್ತಿದ್ದ ಹಲ್ಲಣ್ಣ.

ಹೀಗೆ ಬಂದು ಸೇರಿದವು: ಜೇನು ಸಾಕುವ ಪುಸ್ತಕ, ಹಳಸಿದ ಕಾನೂನುಗಳು, ಬಿಡಿ ಸಂಪುಟದ ವಿಶ್ವಕೋಶಗಳು, ಕೊನೆಯ ಹಾಳೆ ಹರಿದ ಪತ್ತೇದಾರಿ ಕಥೆಗಳು, ಕವಿಗೂ ನೆನಪಿರಲಾರದ ಕವನ ಸಂಕಲನಗಳು. ಎಲ್ಲವನ್ನೂ ಓದುವ ಆಸೆ ಅವನಿಗೆ ನಿಜವಾಗಿಯೂ ಇತ್ತು. ಪ್ರತಿಯೊಂದರ ಮೊದಲ ಪುಟಕ್ಕೆ ಲ್ಯಾಬಿನ ಮೊಹರು ಒತ್ತಿ, ಒಂದೆರಡು ಹಾಳೆ ಓದಿ, ಬೆನ್ನು ಸವರಿ, ಗೋಡೆಗೆ ಒರಗಿಸುತ್ತಿದ್ದ. ಅಷ್ಟರಲ್ಲಿ ಮುಂದಿನ ವಾರದ ಸಿನಿಮಾ ಬಂದುಬಿಡುತ್ತಿತ್ತು.

ಅವನ ಹೆಂಡತಿ ಬಸ್ ಕಂಡಕ್ಟರ್. ಬೇರೆ ಯಾರಾದರೂ ಆಗಿದ್ದರೆ ಪುಸ್ತಕಗಳ ಸಮೇತ ಗಂಡನನ್ನೂ ಹೊರಗೆ ಹಾಕುತ್ತಿದ್ದರೋ ಏನೋ. ಅವಳು ಹಾಗಲ್ಲ. ತುಂಬಿ ತುಳುಕುವ ಬಸ್ಸಿನಲ್ಲಿ ಇನ್ನೂ ಒಬ್ಬರನ್ನು ಹತ್ತಿಸಿಕೊಳ್ಳುವುದೇ ಅವಳ ಬಾಳಿನ ವಿದ್ಯೆ. ಹೊಸ ಕಟ್ಟು ಬಂದಾಗ ಕಪಾಟಿನ ಮುಂದೆ ನಿಂತು ಅಂಗೈಯಿಂದ ದಬ್ಬುತ್ತ, "ಒಳಗೆ ಸರೀರಿ, ಒಳಗೆ ಸರೀರಿ, ಅಲ್ಲೇ ಬಾಗಿಲಲ್ಲಿ ನಿಂತ್ಕೊಂಡ್ರೆ ಹೇಗೆ?" ಎನ್ನುತ್ತಿದ್ದಳು. ಅದು ಪುಸ್ತಕಗಳಿಗೆ ಹೇಳಿದ ಮಾತು. ಅವು ಸರಿಯುತ್ತಲೂ ಇದ್ದವು. ಕಪಾಟು ತುಂಬಿದ ಮೇಲೆ ಮಂಚದಡಿ, ಮಂಚದಡಿ ತುಂಬಿದ ಮೇಲೆ ಮಂಚದ ಮೇಲಿನ ಕಾಲ್ದೆಸೆ. ಗಂಡಹೆಂಡತಿ ಕಾಲು ಮಡಚಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡರು.

ಅವಳ ಪಾಳಿ ಮಧ್ಯಾಹ್ನದಿಂದ ಸಂಜೆಯವರೆಗೆ. ಆದ್ದರಿಂದ ಅವನು ನೋಡಿದ ಸಿನಿಮಾ ಯಾವುದನ್ನೂ ಅವಳು ನೋಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಮನೆಗೆ ಬಂದು, ಟಿಕೆಟ್ಟಿನ ಚೀಲ ಗೂಟಕ್ಕೆ ತಗುಲಿಸಿ, ಊದಿದ ಕಾಲನ್ನು ಬಿಸಿನೀರಿಗೆ ಇಳಿಬಿಟ್ಟು ಕೂತರೆ, ಹಲ್ಲಣ್ಣ ನಡುಮನೆಯಲ್ಲಿ ನಿಂತು ಆ ದಿನದ ಸಿನಿಮಾ ಇಡಿಯಾಗಿ ಕುಣಿದು ತೋರಿಸುತ್ತಿದ್ದ. ನಾಯಕ ಅವನೇ, ನಾಯಕಿ ಅವನೇ, ಖಳನ ಕುದುರೆಯೂ ಅವನೇ. ಹೊಟ್ಟೆ ಇದ್ದವನು, ಮೊಣಕಾಲು ನೋಯುವವನು, ಆದರೆ ನಾಯಕಿ ನಾಚುವಾಗ ಅವನಷ್ಟು ಚೆನ್ನಾಗಿ ನಾಚುವವರು ಆ ಬೀದಿಯಲ್ಲೇ ಇರಲಿಲ್ಲ. ಒಮ್ಮೆ ಅವಳು ರಜೆ ಹಾಕಿ ಅವನ ಜೊತೆ ಚಿತ್ರಮಂದಿರಕ್ಕೆ ಹೋಗಿದ್ದಳು. ಹೊರಬಂದು, "ಆ ಹುಡುಗ ಚೆನ್ನಾಗೇ ಕುಣೀತಾನೆ, ಇಲ್ಲ ಅನ್ನಲ್ಲ. ಆದ್ರೆ ನೀವು ಮಾಡಿದ ಹಾಗಿಲ್ಲ ಬಿಡಿ" ಎಂದು ಹೇಳಿದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವರಿದ್ದುದು ಮೇಲಿನ ಮಹಡಿಯಲ್ಲಿ. ಹಳೆಯ ಮನೆ, ಮರದ ತೊಲೆ, ಮರದ ಹಲಗೆಯ ನೆಲ. ಕೆಳಗೆ ಮನೆಯ ಯಜಮಾನಿ ಅಜ್ಜಿ, ಅವಳ ಬೆಕ್ಕು. ಅಜ್ಜಿಯ ಬೀರುವಿಗೂ ಮೇಲಿನ ತೊಲೆಗೂ ನಡುವೆ ಬೆಕ್ಕು ಮಲಗುವಷ್ಟು ಸಂದು ಇತ್ತು. ಮೊದಲು ಅದು ಅಲ್ಲಿ ಮೈಮುರಿದು ಬೆನ್ನು ಕಮಾನು ಮಾಡುತ್ತಿತ್ತು. ಬರಬರುತ್ತ ಚಪ್ಪಟೆಯಾಗಿ ಮಲಗತೊಡಗಿತು. ಒಂದು ದಿನ ಬಾಲವಷ್ಟೇ ಒಳಗೆ ಹಿಡಿಸಿತು. ಬೆಕ್ಕು ಕೆಳಗಿಳಿದು ಅಜ್ಜಿಯ ಮುಖ ನೋಡಿತು. ಅಜ್ಜಿ ತಲೆಯೆತ್ತಿ ತೊಲೆಯನ್ನು ನೋಡಿದಳು. ಆಮೇಲೆ ಕೋಲಿನಿಂದ ಸೂರು ಕುಟ್ಟಿ ಹಲ್ಲಣ್ಣನನ್ನು ಕೆಳಗೆ ಕರೆದಳು.

"ಏನೋ, ನನ್ನ ಮನೆ ಸೂರನ್ನ ನನ್ನ ತಲೆಗೇ ಟೋಪಿ ಮಾಡ್ಬೇಕು ಅಂತಿದ್ಯಾ? ನಿನ್ನೆ ನಿನ್ನ ಕುಣಿತದ ಸಪ್ಪಳಕ್ಕೆ ಸುಣ್ಣದ ಚಕ್ಕೆ ಸೀದಾ ನನ್ನ ಚಹಾದೊಳಗೆ ಬಿತ್ತು. ಸಕ್ಕರೆ ಅಂತ ಕಲಸಿ ಕುಡಿದೆ!"

ಅಜ್ಜಿಯ ಬಾಯಲ್ಲಿದ್ದುದು ಹಲ್ಲಣ್ಣ ಕಟ್ಟಿದ ಸೆಟ್. ಅದಕ್ಕೆ ಮುಂಚೆ ಅವಳ ಸಕಾರವೆಲ್ಲ ಗಾಳಿಯಾಗಿ ಹಾರಿಹೋಗುತ್ತಿತ್ತು. ಈಗ ಸಪ್ಪಳ, ಸುಣ್ಣ, ಸಕ್ಕರೆ ಎಲ್ಲ ಗಾಜು ಕೊಯ್ದ ಹಾಗೆ ಸ್ಪಷ್ಟ. ಹಲ್ಲಣ್ಣ ಬೈಗುಳವನ್ನು ತಲೆದೂಗುತ್ತ ಕೇಳಿದ.

"ಏನೋ ನಗ್ತಾ ಇದ್ದೀಯ?"

"ಇಲ್ಲಜ್ಜಿ, ಎಡಗಡೆ ದವಡೆ ಎಷ್ಟು ಚೆನ್ನಾಗಿ ಕೂತಿದೆ ಅಂತ…"

"ನೀನು ಕಟ್ಟಿದ ಹಲ್ಲಲ್ಲೇ ನಿನ್ನ ಬೈಬೇಕಲ್ಲ, ನನ್ನ ಕರ್ಮ! ನಾಳೆ ಮೇಸ್ತ್ರಿ ಬರ್ತಾನೆ. ಅವನು ಹೇಳಿದ ಹಾಗೆ ಕೇಳಿದ್ರೆ ಸರಿ. ಇಲ್ಲ ಅಂದ್ರೆ ಬೇರೆ ಮನೆ ನೋಡ್ಕೊ."

ಮೇಸ್ತ್ರಿ ಬಂದ. ಮೇಲೆ ಹೋಗಿ ಹಲಗೆ ಕುಟ್ಟಿದ, ಕೆಳಗೆ ಬಂದು ತೊಲೆ ಕುಟ್ಟಿದ, ಮತ್ತೆ ಮೇಲೆ ಹೋಗಿ ಪುಸ್ತಕಗಳ ನಡುವೆ ಒಂದು ಸುತ್ತು ಬಂದು ದಾರಿ ತಪ್ಪಿ ಅಡುಗೆಮನೆ ಸೇರಿದ. ಹಲ್ಲಣ್ಣ ಅವನ ಮುಂದೆ ಸಣ್ಣದೊಂದು ಹಾಡಿಗೆ ಹೆಜ್ಜೆ ಹಾಕಿ ತೋರಿಸಬೇಕಾಯಿತು. ಕೆಳಗೆ ಅಜ್ಜಿ ಕೂಗಿಕೊಂಡಳು. ಮೇಸ್ತ್ರಿ ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡು ತೀರ್ಪು ಕೊಟ್ಟ.

"ನೋಡಿ ಸಾರ್, ಪುಸ್ತಕ ಇಟ್ಕೋತೀರಾ, ಕುಣೀಬೇಡಿ. ಕುಣೀತೀರಾ, ಪುಸ್ತಕ ಇಟ್ಕೋಬೇಡಿ. ಎರಡೂ ಬೇಕು ಅಂದ್ರೆ ಒಂದಿನ ಮೇಲೆ ಶುರು ಮಾಡಿದ ಹಾಡನ್ನ ಅಜ್ಜಿ ಮಂಚದ ಮೇಲೆ ಮುಗಿಸ್ತೀರಿ."

"ಮುಂದಿನ ರಜೆವರೆಗೆ ಗಡುವು. ಅಷ್ಟರೊಳಗೆ ಎರಡರಲ್ಲಿ ಒಂದು ಬಿಡು" ಎಂದಳು ಅಜ್ಜಿ.

ಮುಂದಿನ ರಜೆ! ಅವತ್ತೇ ಅವನು ವರ್ಷದಿಂದ ಕಾಯುತ್ತಿದ್ದ ಸಿನಿಮಾ ಬರುವುದಿತ್ತು. ಕಡಲತಡಿಯ ದೀಪಸ್ತಂಭ ಕಾಯುವವನ ಮಗಳಿಗೂ ಹಡಗಿನ ಅಡುಗೆಯವನಿಗೂ ಪ್ರೇಮ, ಉದ್ದಕ್ಕೂ ಹಾಡು, ಮಾತೇ ಇಲ್ಲವಂತೆ. ಅದನ್ನು ನೋಡಿ ಬಂದು ಹೆಂಡತಿಗೆ ಕುಣಿದು ತೋರಿಸದಿದ್ದರೆ ನೋಡಿಯಾದರೂ ಏನು ಬಂತು? ಹಲ್ಲಣ್ಣ ಎದೆ ಗಟ್ಟಿ ಮಾಡಿಕೊಂಡು ಪುಸ್ತಕ ಬಿಡಲು ಹೊರಟ. ದೊಡ್ಡ ಚೀಲ ತುಂಬಿಕೊಂಡು ಹಳೆಯ ಅಂಗಡಿಗೇ ಹೋದ.

"ವಾಪಸ್ಸಾ? ಇವನ್ನ ನನ್ನ ಅಂಗಡಿಯಿಂದ ಸಾಗಹಾಕೋಕೆ ನಾನೆಷ್ಟು ವರ್ಷ ಕಷ್ಟಪಟ್ಟಿದ್ದೀನಿ ಗೊತ್ತಾ?" ಎಂದ ಅಂಗಡಿಯವನು. ಆಮೇಲೆ ದನಿ ತಗ್ಗಿಸಿ, "ಅಂದ ಹಾಗೆ, ಆ ಗಂಟಿನ ಪುಸ್ತಕದ ಮೊದಲನೇ ಭಾಗ ಸಿಕ್ಕಿದೆ. ಅಣ್ಣ ಬಂದಿದ್ದಾನೆ" ಎಂದ.

ಹಲ್ಲಣ್ಣ ಒಯ್ದ ಚೀಲದ ಜೊತೆ ಇನ್ನೊಂದು ಚೀಲ ಹೊತ್ತುಕೊಂಡು ಮರಳಿದ.

"ನಿಮ್ಮ ಕೈಲಿ ಆಗೋದಲ್ಲ, ನನಗೆ ಬಿಡಿ" ಎಂದಳು ಹೆಂಡತಿ. ಮರುದಿನ ಒಂದು ಗಂಟು ಪುಸ್ತಕ ಬಸ್ಸಿಗೆ ಒಯ್ದು, ಹೊರಡುವ ಮುಂಚೆ ಸೀಟಿಗೊಂದರಂತೆ ಇಟ್ಟಳು. ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಲಿ. ಆದರೆ ಅವಳ ಬಸ್ಸಿನ ಪ್ರಯಾಣಿಕರು ಅವಳಿಂದಲೇ ಶಿಸ್ತು ಕಲಿತವರು. ಒಬ್ಬೊಬ್ಬರಾಗಿ ಇಳಿಯುವಾಗ, "ಮೇಡಂ, ಯಾರೋ ಬಿಟ್ಟುಹೋಗಿದ್ದಾರೆ" ಎಂದು ಅವಳ ಕೈಗೇ ಕೊಟ್ಟರು. ಬಸ್ಸಿನಲ್ಲಿ ಸಿಕ್ಕಿದ ವಸ್ತುವನ್ನು ಕಂಡಕ್ಟರ್ ಡಿಪೋಗೆ ಒಪ್ಪಿಸಬೇಕು ಎಂಬುದು ನಿಯಮ. ಇಷ್ಟು ವರ್ಷದಲ್ಲಿ ಒಂದು ಛತ್ರಿಯನ್ನೂ ಮರೆಮಾಚದವಳು ತನ್ನದೇ ಪುಸ್ತಕವೆಂದು ನಿಯಮ ಮುರಿಯುವುದುಂಟೇ? ಒಪ್ಪಿಸಿದಳು. ಡಿಪೋದ ಗುಮಾಸ್ತ ಮೊದಲ ಪುಟದ ಮೊಹರು ನೋಡಿ, ಲ್ಯಾಬಿನ ವಿಳಾಸ ಹುಡುಕಿ, ಆ ಸಂಜೆಯೇ ಪುಸ್ತಕಗಳನ್ನೆಲ್ಲ ತಲುಪಿಸಿದ. ವಾರಸುದಾರರಿಲ್ಲದೆ ಡಿಪೋದಲ್ಲಿ ಕೊಳೆಯುತ್ತಿದ್ದ ಇನ್ನಷ್ಟು ಪುಸ್ತಕಗಳನ್ನೂ, "ಇವೂ ನಿಮ್ಮವೇ ಇರಬೇಕು, ಬೇರೆ ಯಾರು ಓದ್ತಾರೆ?" ಎಂದು ಮೇಜಿನ ಮೇಲೆ ಇಟ್ಟು ಹೋದ.

ಪುಸ್ತಕ ಹೋಗುವುದಿಲ್ಲವೆಂದ ಮೇಲೆ ಉಳಿದದ್ದು ಕುಣಿತ ಬಿಡುವುದು. ಹಲ್ಲಣ್ಣ ಕುರ್ಚಿಯಲ್ಲಿ ಕೂತು ಒಂದು ಹಳೆಯ ಸಿನಿಮಾವನ್ನು ಕೈಯಲ್ಲೇ ಕುಣಿದು ನೋಡಿದ. ತೋಳು ಬೀಸಿದ, ಹುಬ್ಬು ಹಾರಿಸಿದ, ಕುತ್ತಿಗೆ ಕೊಂಕಿಸಿದ. ಹೆಂಡತಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೊನೆಯವರೆಗೆ ನೋಡಿದಳು.

"ಈಗ ಸತ್ತಿದ್ದು ಯಾರು?" ಎಂದು ಕೇಳಿದಳು.

"ಯಾರೂ ಸಾಯ್ಲಿಲ್ವೇ! ಅದು ಮದುವೆ ದಿಬ್ಬಣ."

"ಓ." ಅವಳು ಕಾಲೊರೆಸಿಕೊಂಡಳು. "ವಾರ್ತೆ ಓದಿದ ಹಾಗಿದೆ ರೀ." ಆಮೇಲೆ ಅವನ ಮುಖ ಸಣ್ಣಗಾದದ್ದು ಕಂಡು, "ಹೋಗ್ಲಿ ಬಿಡಿ. ಪುಸ್ತಕ ಇರ್ಲಿ. ನನಗೇನು, ಬಸ್ಸಲ್ಲಿ ದಿನಾ ನೋಡ್ತೀನಲ್ಲ, ಬೇಕಾದಷ್ಟು ಸಿನಿಮಾ. ಇನ್ಮೇಲೆ ಬಂದ ತಕ್ಷಣ ಊಟ ಮಾಡಿ ಮಲಗಿದ್ರಾಯ್ತು" ಎಂದಳು.

ಎಷ್ಟು ಹಗುರವಾಗಿ ಹೇಳಿದಳೆಂದರೆ ಅವನಿಗೆ ಅದನ್ನು ಹೊರಲಾಗಲಿಲ್ಲ. ಪಾಳಿಯುದ್ದಕ್ಕೂ ನಿಂತೇ ಇರುವವಳು. ಜನರ ಮೊಣಕೈ, ಬೆವರು, ಚಿಲ್ಲರೆಯ ಜಗಳ. ಅದೆಲ್ಲ ಮುಗಿದ ಮೇಲೆ ಅವಳಿಗಾಗಿಯೇ ಒಂದು ಊರು ಎದ್ದು ಕುಣಿಯುವ ಜಾಗವೆಂದರೆ ಈ ನಡುಮನೆ. ಅದೂ ಇಲ್ಲವಾದರೆ ಆ ಗೂಟಕ್ಕೆ ಚೀಲ ತಗುಲಿಸುವುದೂ ಬಸ್ಸಿನ ಇನ್ನೊಂದು ನಿಲ್ದಾಣವಾದೀತು. ಅವನು ರಾತ್ರಿಯೆಲ್ಲ ಕಾಲು ಮಡಚಿಕೊಂಡು ಮಲಗಿ, ಬೆಳಗಾಗುತ್ತಲೇ ಪುಸ್ತಕವನ್ನೆಲ್ಲ ತೂಕಕ್ಕೆ ಹಾಕುತ್ತೇನೆಂದು ತೀರ್ಮಾನಿಸಿ, ಅದನ್ನು ತಿಳಿಸಲು ಅಜ್ಜಿಯ ಕೋಣೆಗೆ ಇಳಿದ.

ಅಜ್ಜಿ ಬೈಯಲು ಆಗಲೇ ಸಿದ್ಧವಾಗಿದ್ದಳು. "ಮೇಲೆ ಸೂರು ಹಾಳು ಮಾಡಿದ್ದು ಸಾಲದು ಅಂತ ಈ ಸೆಟ್ಟೂ ಹಾಳು. ಮೇಲಿಂದು ಜಾರಿ ಜಾರಿ ಕೆಳಗೆ ಬರ್ತಿದೆ ಕಣೋ. ನೋಡು!" ಎಂದು ಬಾಯಿ ತೆರೆದಳು.

ಹಲ್ಲಣ್ಣ ಬಗ್ಗಿ ನೋಡಿದ. "ಅಜ್ಜಿ, ನೀವು ಕೆಳಗಿನ ಸೆಟ್ಟು ಹಾಕ್ಕೊಂಡೇ ಇಲ್ಲ. ಕೆಳಗಿನ ಹಲ್ಲು ಎತ್ತಿ ಹಿಡಿದ್ರೆ ತಾನೇ ಮೇಲಿಂದು ನಿಲ್ಲೋದು?"

ಹೇಳಿದವನು ಹಾಗೆಯೇ ನಿಂತುಬಿಟ್ಟ. ನಿಧಾನವಾಗಿ ತಲೆಯೆತ್ತಿ ಬಾಗಿದ ತೊಲೆಯನ್ನು ನೋಡಿದ, ಬೋಳು ನೆಲವನ್ನು ನೋಡಿದ. ಮತ್ತೆ ಅಜ್ಜಿಯ ಬಾಯಿ ನೋಡಿದ. ಅವಳಿನ್ನೂ ಅದನ್ನು ಮುಚ್ಚಿರಲಿಲ್ಲ.

"ಅಜ್ಜಿ," ಎಂದ ಪಿಸುದನಿಯಲ್ಲಿ, "ಈ ಕೋಣೆಗೆ ಕೆಳಗಿನ ಹಲ್ಲೇ ಇಲ್ಲ!"

ಮೇಸ್ತ್ರಿಯನ್ನು ಮತ್ತೆ ಕರೆಸಿದರು. ತೊಲೆಯ ನಡುವಿಗೆ ಒಂದು ಕಂಬ ಕೊಟ್ಟರೆ ಮೇಲೆ ಕುಣಿಯಬಹುದೇ ಎಂದು ಕೇಳಿದಾಗ ಅವನು, "ಕಂಬ ಕೊಟ್ರೆ ಆನೆನೂ ಕುಣೀಬಹುದು" ಎಂದ. ಆ ಕಂಬವನ್ನು ಪುಸ್ತಕದಿಂದ ಮಾಡಿದರೆ ಎಂದು ಕೇಳಿದಾಗ ತುಂಬಾ ಹೊತ್ತು ಪೆನ್ಸಿಲ್ ಕಚ್ಚಿದ. "ಕಾಗದನೂ ಒಂದು ಕಾಲಕ್ಕೆ ಮರ ತಾನೇ… ನಿಲ್ಲುತ್ತೆ. ಆದ್ರೆ ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡಿ. ನನಗೂ ಹೆಂಡ್ತಿ ಮಕ್ಕಳಿದ್ದಾರೆ." ತೊಲೆಯನ್ನು ಕಬ್ಬಿಣದ ಜಾಕಿನಿಂದ ಎತ್ತಿ ಹಿಡಿದು ಕೊಟ್ಟು, ಬೆನ್ನು ತಿರುಗಿಸಿ ನಿಂತ, ನೋಡಲಿಲ್ಲವೆಂದು ಆಣೆ ಮಾಡುವ ಹಾಗೆ.

ಮೇಲಿನ ಭಾರವೆಲ್ಲ ಕೆಳಗಿಳಿಯಿತು. ಹೆಂಡತಿ ಮೆಟ್ಟಿಲ ನಡುವೆ ನಿಂತು, "ದಪ್ಪದವರು ಮೊದಲು! ತೆಳ್ಳಗಿರೋರು ಕಾಯಿರಿ!" ಎಂದು ಕೂಗಿ ಇಳಿಸಿದಳು. ಕಾನೂನು ಅಡಿಪಾಯವಾಯಿತು. ವಿಶ್ವಕೋಶದ ಬಿಡಿ ಸಂಪುಟಗಳು ಮೊದಲ ಬಾರಿಗೆ ಒಟ್ಟಿಗೆ ನಿಂತವು. "ನನ್ನ ಮಂಚದ ಕಡೆಗೆ ಮರ್ಯಾದಸ್ತ ಪುಸ್ತಕ ಮುಖ ಮಾಡಿರ್ಲಿ. ಪತ್ತೇದಾರಿ ಎಲ್ಲ ಗೋಡೆ ಕಡೆ" ಎಂದು ಅಜ್ಜಿ ಷರತ್ತು ಹಾಕಿದಳು. ಕೊನೆಯ ಬೆರಳಿನಷ್ಟು ಸಂದಿಗೆ ಹಲ್ಲಣ್ಣ ಹಲ್ಲಿನ ಕೆಲಸವನ್ನೇ ಮಾಡಿದ. ಕಚ್ಚು ಸರಿಯಿದೆಯೇ ನೋಡಲು ಹಲ್ಲಿನ ನಡುವೆ ಇಡುವ ನೀಲಿ ಕಾಗದವನ್ನು ಪುಸ್ತಕಕ್ಕೂ ತೊಲೆಗೂ ನಡುವೆ ಹಿಡಿದು, ಗುರುತು ಒಂದೇ ಕಡೆ ಬಿದ್ದರೆ ಆ ಪುಸ್ತಕ ತೆಗೆದು ಇನ್ನೊಂದು ತೂರಿಸಿ ನೋಡಿದ. ಯಾವುದೂ ಒಗ್ಗಲಿಲ್ಲ. ಕೊನೆಗೆ ಒಂದು ತೆಳ್ಳನೆಯ ಕವನ ಸಂಕಲನ ಹೇಳಿ ಮಾಡಿಸಿದಂತೆ ಕೂತಿತು. ಮೇಸ್ತ್ರಿ ಜಾಕಿ ಇಳಿಸಿದ. ಇಡೀ ಮಹಡಿಯ ಭಾರ ಕವಿತೆಯ ಮೇಲೆ ಬಂತು. ಕವಿತೆ ಕಿರ್ರೆನ್ನಲೂ ಇಲ್ಲ.

ಅಜ್ಜಿ ಎರಡೇ ದಿನಕ್ಕೆ ಕಂಬ ಓದತೊಡಗಿದಳು. ಬೆನ್ನಿನ ಮೇಲಿನ ಹೆಸರುಗಳು ಮುಗಿದ ಮೇಲೆ ಅವಳಿಗೆ ಸಮಾಧಾನವಾಗಲಿಲ್ಲ. ಎದೆಯ ಮಟ್ಟದಲ್ಲಿದ್ದ ಜೇನಿನ ಪುಸ್ತಕವೇ ಬೇಕೆಂದಳು. ಅದನ್ನು ಕೊಡಬೇಕಾದರೆ ಅಷ್ಟೇ ದಪ್ಪದ ಇನ್ನೊಂದನ್ನು ಈ ಕಡೆಯಿಂದ ಸುತ್ತಿಗೆಯಲ್ಲಿ ಬಡಿದು ತೂರಿಸಿ ಅದನ್ನು ಆ ಕಡೆಯಿಂದ ಹೊರಡಿಸಬೇಕು. ಹೀಗಾಗಿ ರಜೆಯ ದಿನ ದೀಪಸ್ತಂಭದ ಸಿನಿಮಾ ನೋಡಿ, ಮುಖವೆಲ್ಲ ಒದ್ದೆ ಮಾಡಿಕೊಂಡು ಹೊರಬಂದ ಹಲ್ಲಣ್ಣ, ಬದುಕಿನಲ್ಲಿ ಮೊದಲ ಬಾರಿಗೆ ಇಂಥದ್ದೇ ಬೇಕೆಂದು ಪುಸ್ತಕದಂಗಡಿ ಹೊಕ್ಕ.

"ಎರಡು ಬೆರಳು ದಪ್ಪದ್ದು ಒಂದು ಕೊಡಿ."

"ಯಾವ ವಿಷಯದ ಮೇಲೆ?"

"ವಿಷಯ ಏನಾದ್ರೂ ಆಗ್ಲಿ. ಗಟ್ಟಿ ರಟ್ಟಿರ್ಲಿ."

ಅಂಗಡಿಯವನಿಗೆ ಅವಮಾನವಾದಂತಾಯಿತು. "ಇಷ್ಟು ದಿನ ನಿಮ್ಮನ್ನ ಓದೋ ಮನುಷ್ಯ ಅಂದ್ಕೊಂಡಿದ್ದೆ" ಎಂದ.

ಸಂಜೆ ಹೆಂಡತಿ ಬಂದಾಗ ಪುಸ್ತಕಗಳಿಲ್ಲದೆ ನಡುಮನೆ ಖಾಲಿಯಾಗಿತ್ತು. ಅವಳು ಚೀಲ ತಗುಲಿಸಿ, ನೀರಿಗೆ ಕಾಲಿಟ್ಟು ಕೂತಳು. ಕಂಬ ನಿಂತದ್ದೇನೋ ನಿಜ, ಆದರೆ ಅದರ ಮೇಲೆ ಯಾರೂ ಇನ್ನೂ ಕುಣಿದಿರಲಿಲ್ಲ. ಅಜ್ಜಿ ಮನೆಯಿಂದ ಹೊರಗಿರಲಿ ಎಂದರೆ ಅವಳು ಕೇಳಲಿಲ್ಲ. "ನನ್ನ ಸೂರು ಬೀಳೋವಾಗ ನಾನು ಬೀದೀಲಿರ್ಬೇಕಾ?" ಎಂದು, ಎರಡೂ ಸೆಟ್ಟು ಹಾಕಿಕೊಂಡು, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಂಬದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಳು.

ಹಲ್ಲಣ್ಣ ಬರಿಗಾಲಿನಲ್ಲಿ ನಿಂತ. ಮೊದಲ ಹಾಡು ಮಂಜಿನದು. ಹಾಡುತ್ತ ಕಾಲ್ಬೆರಳ ತುದಿಯಲ್ಲಿ ನಡೆದ. ಹಲಗೆ ಸುಮ್ಮನಿತ್ತು. ದೀಪಸ್ತಂಭದವನ ಮಗಳು ಸುರುಳಿ ಮೆಟ್ಟಿಲು ಹತ್ತುವಾಗ ಸ್ವಲ್ಪ ಭಾರ ಬಿಟ್ಟ. ಸುಮ್ಮನಿತ್ತು. ಹಡಗಿನ ಅಡುಗೆಯವನು ಸೌಟು ಹಿಡಿದು ಮೇಜಿನಿಂದ ಮೇಜಿಗೆ ನೆಗೆಯುವ ಹಾಡು ಬಂತು. ಅವನು ಹೆಂಡತಿಯನ್ನು ನೋಡಿದ. ಅವಳು ಬಿಸಿನೀರಿನಿಂದ ಕಾಲು ತೆಗೆದಿದ್ದಳು, ಬಾಯಿ ಅರ್ಧ ತೆರೆದಿತ್ತು. ಕಣ್ಣುಮುಚ್ಚಿ ನೆಗೆದ. ಇಡೀ ಮೈಭಾರ ಒಟ್ಟಿಗೆ ಹಲಗೆಯ ಮೇಲೆ ಬಿತ್ತು. ಪಾತ್ರೆಗಳು ಒಮ್ಮೆ ಗಲಗಲ ಎಂದು ಸುಮ್ಮನಾದವು.

ಕೆಳಗಿನಿಂದ ಸದ್ದೇ ಇಲ್ಲ.

"ಅಜ್ಜಿ?" ಎಂದ. ಹೆಂಡತಿ ಒದ್ದೆ ಕಾಲಿನಲ್ಲೇ ಎದ್ದು ನೆಲಕ್ಕೆ ಕಿವಿ ಹಚ್ಚಿದಳು. ಆಗ ಕೋಲು ಟಕ್ ಟಕ್ ಎಂದು ಸೂರಿಗೆ ಬಡಿಯಿತು.

"ನಿಲ್ಲಿಸ್ಲಾ ಅಜ್ಜಿ?"

"ನಿಲ್ಲಿಸ್ಬೇಡ್ವೋ. ಆ ಹುಡುಗಿ ಅಷ್ಟು ಹೊತ್ತು ಮೆಟ್ಟಿಲು ಹತ್ತಿದಳಲ್ಲ, ದೀಪ ಹಚ್ಚಿದಳೋ ಇಲ್ವೋ?"

"ಹಚ್ಚಿದಳು. ಆದ್ರೆ ಹಡಗು ಇನ್ನೂ ಬಂದಿಲ್ಲ."

"ಹಾಗಾದ್ರೆ ಸ್ವಲ್ಪ ಜೋರಾಗಿ ಕುಣಿ. ಕೆಳಗೆ ಅರ್ಧ ಕಥೆನೇ ಬರ್ತಾ ಇದೆ."

ಹಲ್ಲಣ್ಣ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಹಡಗು ಬರುವುದಕ್ಕೆ ಇನ್ನೂ ಬಹಳ ಹಾಡುಗಳಿದ್ದವು.